747 ಹೋದ್ರೆ ನಾಕು ಗೆರೆ, ಬಾಲದ ಹತ್ರ ಇಂಜಿನ್ ಇರೋದು ಹೋದ್ರೆ ಒಂದೇ ಗೆರೆ, ಯಾಕೆ?

ಹಾಸನದ_ಹೆಣ್ಮಗಳು:
ನಾವಿರೋದು ಫ್ರಾಂಕ್‌ಫರ್ಟ್‌ನಿಂದ ಸ್ವಲ್ಪ ದೂರ, ಬೆಳಿಗ್ಗೆ ಮಗನ್ನ ಸ್ಕೂಲಿಗೆ ಬಿಡೋಕೆ ಹೋಗುವಾಗ ಆಕಾಶದ ತುಂಬ ಬಿಳಿ ಗೆರೆ. ಅವನಿಗೆ ವಿಮಾನ ಅಂದ್ರೆ ಪ್ರಾಣ, ಆಪ್‌ನಲ್ಲಿ ನೋಡಿ ಇದು ಯಾವ್ದು ಅಂತ ಹೇಳ್ತಾನೆ. ಅವನೇ ಗಮನಿಸಿದ್ದು ಇದು: 747 (ರೆಕ್ಕೆ ಕೆಳಗೆ ನಾಕು ಇಂಜಿನ್ ಇರೋ ದೊಡ್ಡ ವಿಮಾನ) ಹೋದ್ರೆ ಮೊದಲು ನಾಕು ಗೆರೆ, ಸ್ವಲ್ಪ ಹಿಂದಕ್ಕೆ ಎರಡಾಗತ್ತೆ. ಸಿಆರ್‌ಜೆ ಅನ್ನೋ ಚಿಕ್ಕ ವಿಮಾನದ ಥರ ಬಾಲದ ಹತ್ರ ಇಂಜಿನ್ ಇರೋದು ಹೋದ್ರೆ ಶುರುವಿಂದ್ಲೇ ಒಂದೇ ಗೆರೆ ಥರ ಕಾಣತ್ತೆ. ಕೆಲವು ಎರಡು ನಿಮಿಷಕ್ಕೆ ಮಾಯ, ಕೆಲವು ಮಧ್ಯಾಹ್ನದ ಹೊತ್ತಿಗೆ ಹಿಂಜಿದ ಹತ್ತಿ ಥರ ಅರ್ಧ ಆಕಾಶ ಹರಡಿರತ್ತೆ. ಇಂಜಿನ್ ಎಲ್ಲಿದೆ ಅನ್ನೋದಕ್ಕೂ ಇದಕ್ಕೂ ಸಂಬಂಧ ಇದೆಯಾ? ಮಗು ಕೇಳ್ತಿದಾನೆ, ಸರಿಯಾದ ಉತ್ತರ ಕೊಡ್ಬೇಕು ನಂಗೆ.

ಗಾಳಿ_ಸುಳಿ:
ನಿಮ್ಮ ಮಗ ತುಂಬ ಚೆನ್ನಾಗಿ ನೋಡಿದಾನೆ ಮೇಡಂ, ನಾನು ಏರೋ ಓದಿದವನು, ಕಾಲೇಜಲ್ಲಿ ಇದನ್ನ ಓದಿದ್ರೂ ತಲೆ ಎತ್ತಿ ನೋಡಿರ್ಲಿಲ್ಲ.

ಒಂದು ಕೆಜಿ ಇಂಧನ ಉರಿದ್ರೆ ಸುಮಾರು 1.25 ಕೆಜಿ ನೀರಾವಿ ಬರತ್ತೆ (ಗಾಳಿಯ ಆಮ್ಲಜನಕ ಸೇರ್ಕೊಳ್ಳತ್ತಲ್ಲ, ಅದಕ್ಕೆ ಜಾಸ್ತಿ). ಆ ಬಿಸಿ ಆವಿ ಹೊರಗಿನ ಮೈನಸ್ 40, 50 ಡಿಗ್ರಿ ಗಾಳಿಗೆ ಬೆರೆತಾಗ ಮಸಿಯ ಕಣಗಳ ಮೇಲೆ ಕೂತು ಹೆಪ್ಪುಗಟ್ಟತ್ತೆ, ಚಳಿಗಾಲದಲ್ಲಿ ಬಾಯಿಂದ ಹೊಗೆ ಬಂದ ಹಾಗೆ. ತಣ್ಣಗಾಗೋಕೆ ಒಂಚೂರು ಟೈಮ್ ಬೇಕು, ಅದಕ್ಕೇ ಇಂಜಿನ್ ಆದ್ಮೇಲೆ ಸ್ವಲ್ಪ ದೂರ ಖಾಲಿ ಬಿಟ್ಟು ಗೆರೆ ಶುರುವಾಗೋದು. ಇಲ್ಲಿವರೆಗೆ ಇಂಜಿನ್ ಎಲ್ಲಿದ್ರೂ ಒಂದೇ.

ಇಂಜಿನ್ ಜಾಗದ ಆಟ ಶುರುವಾಗೋದು ಇದಾದ್ಮೇಲೆ. ರೆಕ್ಕೆ ವಿಮಾನನ ಎತ್ತಿ ಹಿಡಿಯೋದ್ರಿಂದ ಎರಡೂ ಕಡೆ ಒಂದೊಂದು ದೊಡ್ಡ ಸುಳಿ ಏಳತ್ತೆ. ಸುಳಿಗಳ ನಡುವಿನ ದೂರ ರೆಕ್ಕೆಯ ಅಗಲದ ಮುಕ್ಕಾಲಿಗಿಂತ ಸ್ವಲ್ಪ ಜಾಸ್ತಿ, 747-8ರ ರೆಕ್ಕೆ 68 ಮೀಟರ್ ಚಿಲ್ಲರೆ, ಹಾಗಾಗಿ ಸುಳಿಗಳ ಮಧ್ಯೆ 54 ಮೀಟರ್ ಹತ್ತಿರ. ಹೊರಗಿನ ಇಂಜಿನ್‌ಗಳು ಸುಳಿಗೆ ಹತ್ರ ಇರ್ತವೆ, ಅವುಗಳ ಗೆರೆ ಬೇಗ ಸುತ್ಕೊಳ್ಳತ್ತೆ, ಒಳಗಿನವು ಆಮೇಲೆ ಎಳ್ಕೊಂಡು ಸೇರತ್ವೆ, ನಾಕು ಎರಡಾಗೋದು ಹೀಗೆ. ಸಿಆರ್‌ಜೆಲಿ ಎರಡೂ ಇಂಜಿನ್ ವಿಮಾನದ ಮೈಗೆ ಅಂಟಿಕೊಂಡು ಸುಳಿಯಿಂದ ದೂರ ಇರೋದ್ರಿಂದ ಗೆರೆಗಳು ಒಂದಕ್ಕೊಂದು ಬೆರೆತು ಮಧ್ಯದಲ್ಲೇ ಉಳ್ಕೊಳ್ತವೆ, ಸುಳಿಗೆ ಸಿಗೋದು ನಿಧಾನ.

ಮಲ್ನಾಡ್_ಮಳೆ:
ಅಂದ್ರೆ ಇಂಜಿನ್‌ಗಳನ್ನೆಲ್ಲ ಬಾಲಕ್ಕೆ ಹಾಕಿದ್ರೆ ಹರಡೋದು ಕಮ್ಮಿ ಆಗತ್ತಾ? ಇನ್ನೊಂದು, ನಮ್ಮ ತೀರ್ಥಹಳ್ಳಿ ಕಡೆ ಗೆರೆ ಇಷ್ಟು ಕಾಣಲ್ಲ, ಮೇಲೆ ವಿಮಾನ ಹೋಗ್ತಾನೇ ಇರತ್ತೆ.

ಗಾಳಿ_ಸುಳಿ:
ಕೊನೆಯದು ಮೊದಲು. ಅದೇ 11 ಕಿಮೀ ಎತ್ತರದಲ್ಲಿ ಜರ್ಮನಿಯ ಗಾಳಿ ಮೈನಸ್ 55 ಇದ್ರೆ ನಮ್ಮಲ್ಲಿ ಮೈನಸ್ 40ರ ಆಸುಪಾಸು, ಅಂದ್ರೆ ಗೆರೆ ಆಗೋಕೆ ಬೇಕಾದ ಚಳಿಯ ಗಡಿ ಮೇಲೇ ಇರ್ತೀವಿ, ಅದಕ್ಕೇ ಕಮ್ಮಿ.

ಹರಡೋ ವಿಷಯ: ಸುಳಿಗಳು ಸೆಕೆಂಡಿಗೆ ಒಂದೆರಡು ಮೀಟರ್ ಲೆಕ್ಕದಲ್ಲಿ ಕೆಳಗಿಳೀತವೆ, ಎರಡು ಮೂರು ನಿಮಿಷದಲ್ಲಿ ಇನ್ನೂರು ಮುನ್ನೂರು ಮೀಟರ್. ಕೆಳಗೆ ಹೋದ ಹಾಗೆ ಗಾಳಿ ಒತ್ತಿ ಬಿಸಿ ಆಗತ್ತೆ, ಅದರೊಳಗೆ ಸಿಕ್ಕಿರೋ ಮಂಜಿನ ಹರಳು ಎಷ್ಟೋ ಆವಿಯಾಗಿ ಹೋಗತ್ತೆ. ಸುಳಿಯಿಂದ ಹೊರಗೆ ಸೋರಿದ್ದು ಮೇಲೇ ಉಳ್ಕೊಳ್ಳತ್ತೆ. ಅಂದ್ರೆ ಇಂಜಿನ್ ಜಾಗ ನಿರ್ಧರಿಸೋದು ಎಷ್ಟು ಹರಳು ಬದುಕಿ ಉಳೀತವೆ, ಗೆರೆ ಎಷ್ಟು ಎತ್ತರ ದಪ್ಪ ಇರತ್ತೆ ಅನ್ನೋದನ್ನ, ಮೊದಲ ಕೆಲವು ನಿಮಿಷದ ಕಥೆ. ಗಂಟೆಗಟ್ಟಲೆ ಹರಡೋದು ಆಕಾಶದ ಕೈಲಿದೆ. ಆ ಪದರದಲ್ಲಿ ತೇವ ಮಂಜಾಗೋ ಮಟ್ಟ ಮೀರಿದ್ರೆ ಹರಳು ಬೆಳೀತಾನೇ ಹೋಗತ್ತೆ, ಮೇಲಿನ ಗಾಳಿ ಒಂದು ವೇಗ ಕೆಳಗಿನದು ಇನ್ನೊಂದು ವೇಗ ಇದ್ರೆ ಗೆರೆನ ಅಡ್ಡಕ್ಕೆ ಎಳೆದು ಸಿರಸ್ ಮೋಡ (ತುಂಬ ಎತ್ತರದ ತೆಳು ಮೋಡ) ಮಾಡಿಬಿಡತ್ತೆ. ಒಣ ಗಾಳಿ ಆದ್ರೆ ಇಂಜಿನ್ ಎಲ್ಲಿದ್ರೂ ಗೆರೆ ಉಳಿಯಲ್ಲ. ಅಂಥ ತೇವದ ಪದರ ಎಷ್ಟೋ ಸಲ ಕೆಲವು ನೂರು ಮೀಟರ್ ದಪ್ಪ ಅಷ್ಟೇ, ಅದಕ್ಕೇ ಬಾಲಕ್ಕೆ ಇಂಜಿನ್ ಸಾಗಿಸೋದಕ್ಕಿಂತ ಹಾರೋ ಎತ್ತರ ಸ್ವಲ್ಪ ಬದಲಾಯಿಸೋದ್ರಲ್ಲೇ ಲಾಭ ಜಾಸ್ತಿ ಅಂತ ನನ್ನ ಅಭಿಪ್ರಾಯ.

ಇನ್ನೊಂದು ನೆನಪಾಯ್ತು, ಜರ್ಮನಿಯ ವಿಮಾನ, ಬಾಹ್ಯಾಕಾಶ ಸಂಶೋಧನಾ ಸಂಸ್ಥೆ ಡಿಎಲ್‌ಆರ್‌ನವರು ಏರ್‌ಬಸ್ ಎ340, ಹಳೇ ಬೋಯಿಂಗ್ 707 ಎರಡನ್ನೂ ಅಕ್ಕಪಕ್ಕ ಹಾರಿಸಿ ನೋಡಿದ್ರು. ಎರಡಕ್ಕೂ ರೆಕ್ಕೆ ಕೆಳಗೆ ನಾಕು ಇಂಜಿನ್, ಆದ್ರೆ ಒಂದೇ ಎತ್ತರದಲ್ಲಿ ಎ340ಗೆ ಗೆರೆ ಬಂತು, 707ಗೆ ಬರ್ಲಿಲ್ಲ. ಹೊಸ ಇಂಜಿನ್ ಇಂಧನನ ಚೆನ್ನಾಗಿ ಬಳಸ್ಕೊಳ್ಳೋದ್ರಿಂದ ಹೊರಗೆ ಬಿಡೋ ಗಾಳಿ ಅಷ್ಟು ಬಿಸಿ ಇರಲ್ಲ, ಬೇಗ ಮಂಜಾಗತ್ತೆ.

ಹಾಸನದ_ಹೆಣ್ಮಗಳು:
ತುಂಬಾ ಥ್ಯಾಂಕ್ಸ್ ಸರ್, ಅವನನ್ನ ಪಕ್ಕದಲ್ಲಿ ಕೂರಿಸ್ಕೊಂಡೇ ಓದಿದೆ. ಒಂದು ಡೌಟ್ ಅವನದ್ದು, ಕೆಲವು ಸಲ ಎರಡು ಗೆರೆ ಅಲೆ ಅಲೆಯಾಗಿ ಸೇರಿ ಬಳೆ ಬಳೆ ಥರ ಆಗತ್ತಂತೆ, ಅದು?

ಗಾಳಿ_ಸುಳಿ:
ಅದು ಎರಡು ಸುಳಿ ಒಂದನ್ನೊಂದು ಅಲ್ಲಾಡಿಸಿ ಕೊನೆಗೆ ತಗಲ್ಕೊಂಡು ತುಂಡಾಗೋದು, ಕ್ರೋ ಅನ್ನೋ ವಿಜ್ಞಾನಿ 1970ರಲ್ಲಿ ಲೆಕ್ಕ ಹಾಕಿ ವಿವರಿಸಿದ್ರು. ಗಾಳಿ ಶಾಂತ ಇರೋ ದಿನ ಬೈನಾಕ್ಯುಲರ್ ಕೊಡಿ ಅವನ ಕೈಗೆ, ವಿಮಾನ ಬಿಟ್ಟು ಅದರ ಹಿಂದಿನ ಗೆರೆನೇ ಎರಡು ನಿಮಿಷ ನೋಡ್ತಾ ಇರ್ಲಿ, ಕಣ್ಣೆದುರೇ ಬಳೆ ಆಗತ್ತೆ. ಸೂರ್ಯನ ಕಡೆ ಮಾತ್ರ ಬೇಡ.