ಮುಖ್ಯರಸ್ತೆಯ ಮನೆಯಲ್ಲಿ ಮನಸ್ಸಿಗೆ ಮೌನ ಸಿಗುವುದು ಸಾಧ್ಯವೇ?

ತುಂಗಾತೀರ:
ನಮಸ್ಕಾರ. ತೀರ್ಥಹಳ್ಳಿಯ ಕಡೆಯಿಂದ ಮದುವೆಯಾಗಿ ಬೆಂಗಳೂರಿನ ವಿಜಯನಗರಕ್ಕೆ ಬಂದವಳು ನಾನು. ಮನೆಯ ಎದುರಿಗೆ ಮುಖ್ಯರಸ್ತೆಯಿದೆ. ಪಕ್ಕದ ನಿವೇಶನದಲ್ಲಿ ಹಗಲೆಲ್ಲ ಗ್ರಾನೈಟ್ ಕತ್ತರಿಸುವ ಯಂತ್ರದ ಸದ್ದು, ರಾತ್ರಿ ಹನ್ನೊಂದರ ನಂತರವೂ ಜಲ್ಲಿ ಇಳಿಸುವ ಲಾರಿಗಳು. ಮುಂಜಾನೆ ಧ್ಯಾನಕ್ಕೆ ಕುಳಿತರೆ, ಸದ್ದಿಲ್ಲದ ಹೊತ್ತಿನಲ್ಲಿಯೂ ಮುಂದಿನ ಹಾರನ್ ಯಾವಾಗ ಕೇಳುವುದೋ ಎಂದು ಕಿವಿ ಕಾಯುತ್ತಲೇ ಇರುತ್ತದೆ. ಊರಿಗೆ ಹೋದಾಗ ಸಿಗುವ ನೆಮ್ಮದಿ ಮರಳಿದೊಡನೆ ಹೋಗಿಬಿಡುತ್ತದೆ. ಮನೆ ಬದಲಿಸುವ ಸ್ಥಿತಿಯಲ್ಲಿ ನಾವಿಲ್ಲ. ಇಂಥ ಕಡೆಯೇ ಇದ್ದುಕೊಂಡು ಒಳಗಿನ ಮೌನವನ್ನು ಉಳಿಸಿಕೊಂಡವರು ದಯವಿಟ್ಟು ತಮ್ಮ ಅನುಭವವನ್ನು ತಿಳಿಸಬೇಕು.

ಗಾಂಧಿಬಜಾರಿನ ಹಿರಿಯ:
ತಾಯಿ, ನಿಮ್ಮನ್ನು ದಣಿಸುತ್ತಿರುವುದು ಹಾರನ್ನಿಗಿಂತ ಹೆಚ್ಚಾಗಿ ಅದಕ್ಕಾಗಿ ಕಾಯುವ ಕಿವಿ ಎಂಬುದನ್ನು ನೀವೇ ಗುರುತಿಸಿದ್ದೀರಿ. ಅಭ್ಯಾಸವನ್ನು ಅಲ್ಲಿಂದಲೇ ಆರಂಭಿಸಬಹುದು. ನಿವೃತ್ತನಾದ ಮೇಲೆ ನಾನು ಬೆಳಿಗ್ಗೆ ಲಾಲ್‌ಬಾಗಿನ ಬಂಡೆಯ ಮೇಲೆ, ಕೆಂಪೇಗೌಡರ ಗೋಪುರಕ್ಕಿಂತ ತುಸು ಕೆಳಗೆ ಕುಳಿತುಕೊಳ್ಳುತ್ತೇನೆ. ಸುಮಾರು 300 ಕೋಟಿ ವರ್ಷ ಹಳೆಯದಾದ ಆ ಬಂಡೆಯ ಮೇಲೂ ಡಬಲ್ ರೋಡಿನ ವಾಹನಗಳ ಮೊರೆತ ಕೇಳುತ್ತದೆ. ಅದನ್ನು ತಡೆಯಲು ಹೋಗದೆ, ಮೊದಲು ಅತಿ ದೂರದ ಸದ್ದನ್ನು, ಆಮೇಲೆ ಮರದ ಹಕ್ಕಿಯನ್ನು, ಪಕ್ಕದಲ್ಲಿ ನಡೆಯುವವರ ಹೆಜ್ಜೆಯನ್ನು, ಕೊನೆಗೆ ನನ್ನ ಉಸಿರನ್ನು ಒಂದೊಂದಾಗಿ ಆಲಿಸುತ್ತಾ ಒಳಗೆ ಬರುತ್ತೇನೆ. ನಡುವೆ ಹಾರನ್ ಕೇಳಿಸಿದರೆ ಅದೂ ಒಂದು ಸದ್ದೆಂದು ಬಿಡುತ್ತೇನೆಯೇ ಹೊರತು, ಹಾಕಿದವನು ಯಾರು, ಏಕೆ ಹಾಕಿದ ಎಂಬ ಯೋಚನೆಯನ್ನು ಬೆಳೆಸುವುದಿಲ್ಲ. ಸಿಟ್ಟು ಹುಟ್ಟುವುದು ಆ ಯೋಚನೆಯಲ್ಲಿ. ನೀವೂ ರಸ್ತೆಯಿಂದ ದೂರವಿರುವ ಕೋಣೆಯಲ್ಲಿ, ದಿನವೂ ಅದೇ ಹೊತ್ತಿಗೆ ಹೀಗೆ ಕುಳಿತು ನೋಡಿ.

ವೈಟ್‌ಫೀಲ್ಡ್ ವಾಸಿ:
ಹಿರಿಯರ ಮಾತಿಗೆ ನನ್ನದೊಂದು ಸೇರ್ಪಡೆ. ನಗರದ ಹೊರವಲಯದ ಆಲೂರಿನಲ್ಲಿರುವ ಧಮ್ಮ ಪಫುಲ್ಲ ಕೇಂದ್ರದಲ್ಲಿ ನಾನು ಹತ್ತು ದಿನಗಳ ವಿಪಶ್ಯನ ಧ್ಯಾನದ ಮೌನ ಶಿಬಿರ ಮಾಡಿದ್ದೇನೆ. ಅಲ್ಲಿ ಶುಲ್ಕವಿಲ್ಲ, ಹಿಂದೆ ಶಿಬಿರ ಮುಗಿಸಿದವರ ದಾನದಿಂದ ಎಲ್ಲವೂ ನಡೆಯುತ್ತದೆ. ಆರಂಭದಲ್ಲಿಯೇ ಫೋನನ್ನು ಒಪ್ಪಿಸಬೇಕು, ಜೊತೆಯ ಸಾಧಕರಿಗೆ ಕಣ್ಸನ್ನೆಯನ್ನೂ ಮಾಡುವಂತಿಲ್ಲ. ಮೊದಲ ಮೂರು ದಿನ ಉಸಿರನ್ನಷ್ಟೇ ಗಮನಿಸುತ್ತಿದ್ದಾಗ, ಸುತ್ತಲೂ ನಿಶ್ಶಬ್ದವಿದ್ದರೂ ನನ್ನ ತಲೆಯೊಳಗೆ ಕಚೇರಿಯ ವಾದವಿವಾದಗಳು ನಡೆಯುತ್ತಲೇ ಇದ್ದವು. ಆದ್ದರಿಂದ ಊರಿನ ಮೌನವೊಂದನ್ನೇ ನಂಬಿಕೊಳ್ಳಬೇಡಿ. ಶಿಬಿರದ ಫಲವೂ ಅಷ್ಟೇ, ನಿತ್ಯದ ಸಾಧನೆಯನ್ನು ಬಿಟ್ಟರೆ ಬಹುಕಾಲ ನಿಲ್ಲುವುದಿಲ್ಲ.

ನಾಗರಿಕ:
ಇಬ್ಬರ ಮಾತಿಗೂ ಬೆಲೆಯಿದೆ, ಆದರೆ ರಾತ್ರಿ ಹನ್ನೊಂದರ ಲಾರಿಯನ್ನು ಧ್ಯಾನದ ಬಲದಿಂದ ಸಹಿಸಿಕೊಳ್ಳಬೇಕೆಂದರೆ ನಾನು ಒಪ್ಪುವುದಿಲ್ಲ. ಶಬ್ದಮಾಲಿನ್ಯ ನಿಯಂತ್ರಣಕ್ಕಾಗಿ 2000ರಲ್ಲಿ ಬಂದ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿಗೆ 55, ರಾತ್ರಿಗೆ 45 ಡೆಸಿಬಲ್ ಮಿತಿಯಿದೆ. ರಾತ್ರಿಯೆಂದರೆ ಹತ್ತರಿಂದ ಬೆಳಗಿನ ಆರರವರೆಗೆ. ಆ ಅವಧಿಯಲ್ಲಿ ಅಲ್ಲಿ ಸದ್ದು ಮಾಡುವ ನಿರ್ಮಾಣ ಯಂತ್ರಗಳನ್ನು ನಡೆಸುವಂತಿಲ್ಲ, ತುರ್ತು ಸಂದರ್ಭದ ಹೊರತು ಹಾರನ್ನನ್ನೂ ಹಾಕುವಂತಿಲ್ಲ. ಮೊದಲು ನಿವೇಶನದ ಮಾಲೀಕರೊಡನೆ ಸಮಾಧಾನದಿಂದ ಮಾತನಾಡಿ. ಕೇಳದಿದ್ದರೆ 112ಕ್ಕೆ ಕರೆ ಮಾಡಿ, ಠಾಣೆಗೆ ಲಿಖಿತ ದೂರನ್ನೂ ಕೊಡಿ. ಕಿಟಕಿಯ ಸಂದುಗಳಿಗೆ ರಬ್ಬರ್ ಪಟ್ಟಿ ಹಾಕಿಸಿ. ಸದ್ದು ಸಣ್ಣ ಸಂದಿನಿಂದಲೂ ಸಾಕಷ್ಟು ನುಸುಳುತ್ತದೆ, ತೆಳ್ಳಗಿನ ಪರದೆ ಅದನ್ನು ತಡೆಯುವುದಿಲ್ಲ.

ತುಂಗಾತೀರ:
ಮೂವರಿಗೂ ಕೃತಜ್ಞತೆಗಳು. ಈ ವಾರವೇ ಮನೆಯವರೊಂದಿಗೆ ಹೋಗಿ ಮಾಲೀಕರನ್ನು ಕಾಣುತ್ತೇನೆ. ಹಿರಿಯರಲ್ಲಿ ಒಂದು ಸಂದೇಹ: ಯಂತ್ರದ ಸದ್ದು ಬಿಡದೆ ಕೇಳುತ್ತಿದ್ದರೆ ಗಮನವನ್ನು ಅದರ ಮೇಲೆಯೇ ಇಡಬೇಕೆ, ಅಥವಾ ಉಸಿರಿಗೆ ಮರಳಬೇಕೆ?

ಗಾಂಧಿಬಜಾರಿನ ಹಿರಿಯ:
ಉಸಿರಿಗೆ ಮರಳಿ, ತಾಯಿ. ಕಿವಿ ನೋಯುವಷ್ಟು ಜೋರಾಗಿದ್ದರೆ ಹಟ ಹಿಡಿದು ಕೂರಬೇಡಿ; ಕೆಲಸಗಾರರು ಊಟಕ್ಕೆ ಹೋಗುವ ಹೊತ್ತನ್ನು ಆರಿಸಿಕೊಳ್ಳಿ.