ಕಾರ್ಬುರೇಟರ್ ಮಾರುತಿ 800ಕ್ಕೆ ಪೆಟ್ರೋಲ್ ಪಂಪ್: ಅಂಗಡಿಯಲ್ಲಿ ಏನಂತ ಕೇಳಬೇಕು?

ಪ್ರಶ್ನೆ: ಸರ್, 1997ರ ಮಾರುತಿ 800, ಕಾರ್ಬುರೇಟರ್ ಗಾಡಿ. ಡಿಪ್‌ಸ್ಟಿಕ್ ಎಳೆದರೆ ಪೆಟ್ರೋಲ್ ವಾಸನೆ, ಆಯಿಲ್ ಮೇಲಿನ ಗೆರೆ ದಾಟಿದೆ. ಪಂಪ್ ಹೋಗಿದೆ ಅಂತ ಮೆಕ್ಯಾನಿಕ್ ಹೇಳಿದರು. ಹಾಸನದಲ್ಲಿ ಮೂರು ಅಂಗಡಿ ಸುತ್ತಿದೆ, ‘ಆ ಐಟಂ ಬರೋದು ನಿಂತೋಯ್ತು’ ಅಂತಾರೆ. ಒಬ್ಬರು ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ) ಗಾಡಿಯ ಎಲೆಕ್ಟ್ರಿಕ್ ಪಂಪ್ ಹಾಕಿಸಿ ಅಂದರು. ಹಾಕಿಸಬಹುದಾ?

ಉತ್ತರ (ಸ್ಪೇರ್ಸ್ ಕೌಂಟರ್): ಬೇಡವೇ ಬೇಡ. ಅದು ಟ್ಯಾಂಕಿನೊಳಗೆ ಕೂರುವ ಪಂಪ್, ಒತ್ತಡ ಎರಡೂವರೆ-ಮೂರು ಬಾರ್. ಕಾರ್ಬುರೇಟರಿನೊಳಗೆ ಪೆಟ್ರೋಲ್ ತುಂಬಿದಾಗ ದಾರಿ ಮುಚ್ಚುವ ಫ್ಲೋಟ್ ಸೂಜಿ ಅದರ ಹತ್ತನೇ ಒಂದು ಭಾಗ ತಡೆದರೆ ಹೆಚ್ಚು. ಪೆಟ್ರೋಲ್ ಉಕ್ಕಿ ಬಿಸಿ ಎಂಜಿನ್ ಮೇಲೆ ಸುರಿಯುತ್ತದೆ.

ಕೌಂಟರಿನಲ್ಲಿ ‘800ರ ಪಂಪ್’ ಅನ್ನಬೇಡಿ. ‘ಕಾರ್ಬುರೇಟರ್ ಓಮ್ನಿಯ ಮೆಕ್ಯಾನಿಕಲ್ ಪಂಪ್ ಇದೆಯಾ’ ಅಂತ ಕೇಳಿ. ಎರಡಕ್ಕೂ ಅದೇ 796 ಸಿಸಿ ಎಫ್‌8ಬಿ ಎಂಜಿನ್. ಆಲ್ಟೊದ್ದು ಸಿಸಿ ಒಂದೇ ಆದರೂ 12 ವಾಲ್ವಿನ ಎಂಜಿನ್, ಅದರ ತಂಟೆಗೆ ಹೋಗಬೇಡಿ. ಹಳೇ ಪಂಪ್ ಬಿಚ್ಚಿ ಕೈಯಲ್ಲೇ ಒಯ್ಯಿರಿ: ನಳಿಕೆ ಎಷ್ಟು, ಯಾವ ಕಡೆ ತಿರುಗಿವೆ, ಬೋಲ್ಟ್ ತೂತುಗಳ ಅಂತರ, ಇಷ್ಟು ಹೊಂದಿದರೆ ಸಾಕು. ಸುಜುಕಿ ಪಾರ್ಟ್ ನಂಬರಿನಲ್ಲಿ ಮೊದಲ ಐದು ಅಂಕಿ ಐಟಂ ಯಾವುದು ಅಂತ ಹೇಳುತ್ತವೆ. 15100 ಅಂದರೆ ಫ್ಯುಯೆಲ್ ಪಂಪ್. ಮಾಡೆಲ್ ತಿಳಿಯುವುದು ಮುಂದಿನ ಐದರಲ್ಲಿ, ಹಾಗಾಗಿ ಬರೀ 15100 ನೋಡಿ ದುಡ್ಡು ಕೊಡಬೇಡಿ. ಹಾಸನದಲ್ಲಿ ಸಿಗದಿದ್ದರೆ ಸ್ಪೇರ್ಸ್ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆ. ಹೋಗುವ ಮೊದಲು ಹಳೇ ಪಂಪನ್ನು ಮೂರು ಕಡೆಯಿಂದ ಫೋಟೋ ತೆಗೆದು ಅಂಗಡಿಗೆ ಕಳಿಸಿ, ಓಡಾಟ ಉಳಿಯುತ್ತದೆ.

ಪ್ರಶ್ನೆ: ಒಬ್ಬರ ಹತ್ತಿರ ಕಂಪನಿ ಡಬ್ಬದ್ದೇ ಇದೆಯಂತೆ, ಇಪ್ಪತ್ತು ವರ್ಷ ಹಳೇ ಸ್ಟಾಕು. ಗುಜರಿಯಲ್ಲೂ ಒಂದಿದೆ. ಯಾವುದು ತರಲಿ?

ಉತ್ತರ (ಗ್ಯಾರೇಜ್): ಎರಡೂ ಬೇಡ. ಡಬ್ಬ ಎಷ್ಟೇ ಹೊಸದಾಗಿ ಕಂಡರೂ ಒಳಗಿನ ಡಯಾಫ್ರಮ್ (ಪೆಟ್ರೋಲ್ ಎಳೆಯುವ ಪರದೆ) ರಬ್ಬರ್ ಗಡುಸಾಗಿರುತ್ತದೆ. ಈಗಿನ ಶೇ. 20 ಎಥೆನಾಲ್ ಪೆಟ್ರೋಲಿಗೆ ಆ ಕಾಲದ ರಬ್ಬರ್ ಬಾಳುವುದು ಕಷ್ಟ. ಹೆಸರಿಲ್ಲದ ಕಂಪನಿಯದ್ದಾದರೂ ಹೊಸ ತಯಾರಿಕೆಯದ್ದೇ ವಾಸಿ. ಕೌಂಟರಲ್ಲೇ ಒಳಬರುವ ನಳಿಕೆಗೆ ಬೆರಳಿಟ್ಟು, ಎಂಜಿನ್ ಒತ್ತುವ ಲಿವರನ್ನು ಕೈಯಿಂದ ಒತ್ತಿ ಬಿಡಿ. ಬೆರಳನ್ನು ಎಳೆದು ಹಿಡಿಯಬೇಕು. ಹಿಡಿಯದಿದ್ದರೆ ಅಲ್ಲೇ ವಾಪಸ್ ಕೊಡಿ.

ಗುಜರಿಯಿಂದ ತರುವುದಿದ್ದರೆ ಪಂಪಿಗೂ ಎಂಜಿನ್ನಿಗೂ ನಡುವೆ ಕೂರುವ ಕಪ್ಪು ಬೇಕಲೈಟ್ (ಗಟ್ಟಿ ಪ್ಲಾಸ್ಟಿಕ್) ತುಂಡನ್ನು ತನ್ನಿ, ಬಿರುಕಿರಬಾರದು ಅಷ್ಟೇ. ಬಿಚ್ಚುವಾಗ ಒಡೆಯುವುದು ಅದೇ, ಹೊಸದು ಸಿಗುವುದೂ ಕಷ್ಟ. ಅದಿಲ್ಲದೆ ಕೂರಿಸಿದರೆ ಲಿವರ್ ಮಿತಿಮೀರಿ ಒತ್ತಿ ಡಯಾಫ್ರಮ್ ಮತ್ತೆ ಹರಿಯುತ್ತದೆ, ಬಿಸಿ ಏರಿ ಪೆಟ್ರೋಲ್ ಆವಿಯಾಗಿ ಗಾಡಿ ನಿಲ್ಲುತ್ತದೆ. ದಪ್ಪ ಪ್ಯಾಕಿಂಗ್ ಎರಡೆರಡು ಹಾಕಿದರೆ ಉಲ್ಟಾ, ಏರಿನಲ್ಲಿ ಪೆಟ್ರೋಲ್ ಸಾಲುವುದಿಲ್ಲ. ಎರಡೂ ಬದಿಗೆ ಒಂದೊಂದು ತೆಳು ಪ್ಯಾಕಿಂಗ್, ಮಧ್ಯೆ ಬೇಕಲೈಟ್.

ಅಲ್ಲಿಯವರೆಗೆ ಗಾಡಿ ಸ್ಟಾರ್ಟ್ ಮಾಡಲೇಬೇಡಿ. ಪೆಟ್ರೋಲ್ ಬೆರೆತ ಆಯಿಲ್ ನೀರಾಗಿ ಬೇರಿಂಗ್ ತಿನ್ನುತ್ತದೆ. ಪಂಪ್ ಕೂರಿಸಿದ ದಿನವೇ ಆಯಿಲ್ಲೂ ಫಿಲ್ಟರೂ ಹೊಸದು ಹಾಕಿಸಿ. ಹಳೇ ಹೋಸ್ ಕ್ಲಿಪ್ಪುಗಳನ್ನೂ ಬಿಸಾಡಿ.