ಗಿರಾಕಿಗೆ "ಡೋಂಟ್ ಗೋ ಓವರ್‌ಬೋರ್ಡ್" ಅಂತ ಬರೆಯಬಹುದಾ?

ಪ್ರಶ್ನೆ (ಇಳಕಲ್):
ಇಳಕಲ್ ಸೀರೆಗೆ ಕಸೂತಿ ಹಾಕಿಸಿ ಆನ್‌ಲೈನ್‌ನಲ್ಲಿ ಮಾರುತ್ತೇನೆ. ಹೊರರಾಜ್ಯದ ಗಿರಾಕಿ ಒಬ್ಬರ ಜೊತೆ ಇಂಗ್ಲಿಷ್‌ನಲ್ಲೇ ಮಾತುಕತೆ ನಡೆದಿದೆ. ಅವರಿಗೆ ಒಡಲ ತುಂಬಾ ಆನೆ, ಅಂಚಿನುದ್ದಕ್ಕೂ ತೇರು, ಸೆರಗಿನ ಮೇಲೂ ಗೋಪುರ ಬೇಕಂತೆ. ಟೋಪ್ ತೆನಿ ಸೆರಗಿನ ಕೆಂಪು-ಬಿಳಿ ನೇಯ್ಗೆ ನೋಡಿಯೇ ಜನ ಇದು ಇಳಕಲ್ ಅಂತ ಗುರುತು ಹಿಡಿಯುತ್ತಾರೆ. ಅದರ ಮೇಲೆ ಮತ್ತೆ ದಾರ ಓಡಿಸಿದರೆ ನೇಕಾರರ ಕೆಲಸವೇ ಮುಚ್ಚಿಹೋಗುತ್ತದೆ. ಕಸೂತಿ ಅಂದ್ರೆ ಎಳೆ ಎಣಿಸಿ ಹಾಕುವ ಹೊಲಿಗೆ, ಗಂಟು ಕಾಣುವಂತಿಲ್ಲ. ಗವಂತಿ ಹೊಲಿಗೆಯಂತೂ ಒಳಗೂ ಹೊರಗೂ ಒಂದೇ ಥರ ಬರಬೇಕು. ಸೂಜಿ ಹಿಡಿದವರ ಕಣ್ಣು ಸೋತುಹೋಗುತ್ತವೆ. ದುಡ್ಡು ಜಾಸ್ತಿ ಸಿಗುತ್ತದೆ ನಿಜ, ಆದರೂ ಮನಸ್ಸು ಒಪ್ಪುತ್ತಿಲ್ಲ.
ಅವರಿಗೆ "ಡೋಂಟ್ ಗೋ ಓವರ್‌ಬೋರ್ಡ್" ಅಂತ ಬರೆದರೆ ಒರಟಾಗುತ್ತಾ? ಮುಂದೆ ವಿತ್ ಬರಬೇಕೋ, ಆನ್ ಬರಬೇಕೋ?

ಉತ್ತರ 1 (ಬೆಳಗಾವಿ):
ಎರಡೂ ನಡೆಯುತ್ತವೆ. ನೀವು ಹೇಳುತ್ತಿರುವುದು ಕಸೂತಿಯ ವಿಷಯ, ಅಲ್ವಾ? "ವಿತ್ ದ ಎಂಬ್ರಾಯ್ಡರಿ" ಅನ್ನಿ, ಸರಾಗವಾಗಿರುತ್ತದೆ. ಓವರ್‌ಬೋರ್ಡ್ ಅಂದ್ರೆ ಹಡಗಿನ ಅಂಚು ದಾಟಿ ನೀರಿಗೆ ಬೀಳುವುದು. ಹುರುಪಿನಲ್ಲಿ ಮಿತಿ ಮೀರುವುದಕ್ಕೂ ಅದೇ ಮಾತು ಬಂತು. ಅದು ಕ್ರಿಯಾಪದ ಅಲ್ಲ, ಹಾಗಾಗಿ "ಓವರ್‌ಬೋರ್ಡೆಡ್" ಅಂತ ಬರೆಯಬೇಡಿ. ಆಗಿಹೋದ ಮಾತಿಗೆ "ವೆಂಟ್ ಓವರ್‌ಬೋರ್ಡ್".
ಆದರೆ "ಡೋಂಟ್" ಅಂತ ಶುರು ಮಾಡಿದರೆ ಬುದ್ಧಿ ಹೇಳಿದ ಹಾಗಾಗುತ್ತದೆ. "ಲೆಟ್ಸ್ ನಾಟ್ ಗೋ ಓವರ್‌ಬೋರ್ಡ್" ಅನ್ನಿ. ನೀವೂ ಅವರ ಜೊತೆ ನಿಂತ ಹಾಗಿರುತ್ತದೆ. ಮುಂದಿನ ಸಾಲಿನಲ್ಲೇ ಕಾರಣ ಕೊಡಿ. ಕಾರಣ ಇಲ್ಲದ "ಬೇಡ" ಯಾವ ಭಾಷೆಯಲ್ಲಾದರೂ ಚುಚ್ಚುತ್ತದೆ.

ಉತ್ತರ 2 (ವಿಜಯಪುರ):
"ಓವರ್ ದ ಟಾಪ್" ಮಾತ್ರ ಬಳಸಬೇಡಿ. ಅದು ಅವರ ಆಯ್ಕೆಯೇ ವಿಪರೀತ ಅಂದ ಹಾಗೆ ಕೇಳುತ್ತದೆ. 1914ರಿಂದ 1918ರ ಮಹಾಯುದ್ಧದಲ್ಲಿ ಸೈನಿಕರು ಕಂದಕದಿಂದ ಮೇಲೆದ್ದು ಶತ್ರುವಿನತ್ತ ನುಗ್ಗುವುದಕ್ಕೆ ಈ ಮಾತು ಬಳಸುತ್ತಿದ್ದರು. ಸೀರೆ ವ್ಯಾಪಾರಕ್ಕೆ ಅಷ್ಟು ಖಾರ ಯಾಕೆ?

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಥ್ಯಾಂಕ್ಸ್. "ಲೆಟ್ಸ್ ನಾಟ್" ಅಂತಲೇ ಶುರು ಮಾಡುತ್ತೇನೆ. ಕೆಳಗೆ ಸೆರಗಿನ ನೇಯ್ಗೆ ಹತ್ತಿರದಿಂದ ಕಾಣುವ ಒಂದು ಫೋಟೊ ಹಾಕುತ್ತೇನೆ. ಒಡಲಿಗೆ ಬಿಡಿಬಿಡಿಯಾಗಿ ಆನೆ ಇರಲಿ, ತೇರು ಅಂಚಿನ ಹತ್ತಿರ ಒಂದೇ ಸಾಲು ಸಾಕು, ಸೆರಗು ಮುಟ್ಟುವುದು ಬೇಡ ಅಂತ ಬರೆಯುತ್ತೇನೆ. ಆಮೇಲೂ ಅವರು ಅದೇ ಬೇಕು ಅಂದರೆ ಈ ಆರ್ಡರ್ ಬಿಡುತ್ತೇನೆ.